ಬಾಲ್ರಾಗ್‌ಗೆ ರೆಕ್ಕೆ ಇತ್ತೇ?

ಮೋರಿಯಾದ ಪಾಳು ಗಣಿಯೊಳಗೆ, ಒಬ್ಬರ ಹಿಂದೊಬ್ಬರು ದಾಟಬೇಕಾದ ಸಪೂರ ಸೇತುವೆಯ ಮೇಲೆ, ಗ್ಯಾಂಡಾಲ್ಫನೆಂಬ ಮುದಿ ಮಾಂತ್ರಿಕನಿಗೆ ಎದುರಾಗುವ ಬಾಲ್ರಾಗ್ ಎಂಬ ಬೆಂಕಿಭೂತಕ್ಕೆ ರೆಕ್ಕೆ ಇತ್ತೋ ಇಲ್ಲವೋ? ಇದೂ ಒಂದು ಪ್ರಶ್ನೆಯೇ ಎಂದು ನಗುವವರು ಟೋಲ್ಕೀನ್ ಭಕ್ತರ ನಡುವೆ ಒಂದು ಸಂಜೆ ಕೂತು ಬರಬೇಕು. ದ್ವೈತ-ಅದ್ವೈತದ ವಾದದಲ್ಲಿ ಊಟದ ಹೊತ್ತಿಗಾದರೂ ಬಿಡುವು ಸಿಗುತ್ತದೆ. ಇಲ್ಲಿ ಅದೂ ಇಲ್ಲ. ಜಗಳದ ಮೂಲ ಇಷ್ಟೇ: ಜೆ. ಆರ್. ಆರ್. ಟೋಲ್ಕೀನರು 'ದ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯಲ್ಲಿ ಮೊದಲು ಆ ಭೂತದ ಸುತ್ತಲಿನ ನೆರಳನ್ನು ರೆಕ್ಕೆಗೆ ಹೋಲಿಸುತ್ತಾರೆ. ಕೆಲವೇ ಸಾಲು ಕಳೆದ ಮೇಲೆ ಹೋಲಿಕೆಯನ್ನು ಕೈಬಿಟ್ಟು ಸೀದಾ ರೆಕ್ಕೆ ಎಂದೇ ಬರೆದುಬಿಡುತ್ತಾರೆ. ಹೈಸ್ಕೂಲಿನ ಕನ್ನಡ ಮೇಷ್ಟರಾಗಿದ್ದರೆ ಉಪಮಾಲಂಕಾರ ರೂಪಕಾಲಂಕಾರವಾಯಿತು ಎಂದು ಎರಡು ಅಂಕ ಕೊಟ್ಟು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಭಕ್ತರು ಹೋಗಲಿಲ್ಲ. 2001ರಲ್ಲಿ ನಿರ್ದೇಶಕ ಪೀಟರ್ ಜಾಕ್ಸನ್ ಈ ಕಾದಂಬರಿಯ ಮೂರು ಭಾಗದ ಸಿನಿಮಾದ ಮೊದಲ ಭಾಗದಲ್ಲಿ ಬಾಲ್ರಾಗ್‌ಗೆ ಬಾವಲಿಯ ರೆಕ್ಕೆ ಹಚ್ಚಿದ್ದೇ ತಡ, 'ರೆಕ್ಕೆ ಇದ್ದಿದ್ದರೆ ಪಾತಾಳಕ್ಕೆ ಏಕೆ ಬೀಳುತ್ತಿತ್ತು, ಹಾರಿಹೋಗುತ್ತಿರಲಿಲ್ಲವೇ' ಎಂದು ಒಂದು ಪಂಗಡ ಎದ್ದು ನಿಂತಿತು. 'ಕೋಳಿಗೂ ರೆಕ್ಕೆ ಇದೆ' ಎಂದು ಇನ್ನೊಂದು ಪಂಗಡ ಉತ್ತರಿಸಿತು. ಟೋಲ್ಕೀನರು ತೀರಿಕೊಂಡದ್ದು 1973ರಲ್ಲಿ. ಕೇಳಿ ಬಗೆಹರಿಸಿಕೊಳ್ಳುವ ಕಾಲ ಎಂದೋ ಮುಗಿದಿತ್ತು. ಭಕ್ತರಿಗೆ ಬೇಕಾಗಿದ್ದೂ ಅದೇ.

ಇವರನ್ನು ಬರೀ ಅಭಿಮಾನಿಗಳು ಎಂದರೆ ಸಾಲದು. ನಮ್ಮಲ್ಲಿ ಅಭಿಮಾನಿ ಎಂದರೆ ನಾಯಕನ ಕಟೌಟಿಗೆ ಹಾಲೆರೆದು, ಮೊದಲ ಆಟಕ್ಕೆ ಸೀಟಿ ಹೊಡೆದು, ಸಿನಿಮಾ ಹೇಗೇ ಇರಲಿ ಸೂಪರ್ ಎನ್ನುವವನು. ಇವರದು ತಿರುಗಾಮುರುಗಾ. ಸಿನಿಮಾ ಹೇಗೇ ಇರಲಿ, ಮೈಲಿಗೆ. ಆದ್ದರಿಂದ ಮಡಿವಂತರು ಎನ್ನೋಣ. 1954-55ರಲ್ಲಿ ಮೂರು ಸಂಪುಟಗಳಾಗಿ ಬಂದ ಪುಸ್ತಕ ಇವರಿಗೆ ಶ್ರುತಿ. ಕೊನೆಗೆ ಹಚ್ಚಿರುವ ಅನುಬಂಧಗಳು, ಅಂದರೆ ವಂಶಾವಳಿ, ಪಂಚಾಂಗ, ಲಿಪಿ, ಉಚ್ಚಾರಣೆಯ ನಿಯಮ, ಇವೆಲ್ಲ ಸ್ಮೃತಿ. ಕಥೆ ಬಿಟ್ಟು ಅನುಬಂಧ ಓದಿದವರಿಗೆ ಪಂಕ್ತಿಯಲ್ಲಿ ಮೊದಲ ಎಲೆ. ಇಂಥವರು ಸಿನಿಮಾಕ್ಕೆ ಹೋಗುವುದು ನೋಡುವುದಕ್ಕಲ್ಲ, ಮೌಲ್ಯಮಾಪನಕ್ಕೆ. ಪರದೆಯ ಮೇಲೆ ಹಾಬಿಟ್ ಎಂಬ ಗಿಡ್ಡ ಜನಾಂಗದ ಬಿಲ್ಬೊ ತನ್ನ ದುಂಡನೆಯ ಬಾಗಿಲು ತೆರೆದರೆ ಪಕ್ಕದ ಸೀಟಿನಿಂದ ಒಂದು ನಿಟ್ಟುಸಿರು ಕೇಳುತ್ತದೆ: ಬಾಗಿಲ ಹಿಡಿ ಪುಸ್ತಕದಲ್ಲಿ ಹೇಳಿದ ಹಾಗೆ ನಟ್ಟನಡುವೆಯೇ ಇದೆ, ಬಯ್ಯುವಂತಿಲ್ಲ.

ಜಾಕ್ಸನ್ ಮಾಡಿದ ಮೊದಲ ಮಹಾಪಾಪದ ಹೆಸರು ಅರ್ವೆನ್. ಪುಸ್ತಕದಲ್ಲಿ ಗಾಯಗೊಂಡ ಕಥಾನಾಯಕ ಹಾಬಿಟ್ ಫ್ರೋಡೊನನ್ನು ಕಪ್ಪು ಸವಾರರ ಕೈಯಿಂದ ಪಾರುಮಾಡಲು ಕುದುರೆ ಕೊಡುವವನು ಗ್ಲಾರ್ಫಿಂಡೆಲ್ ಎಂಬ ಎಲ್ಫ್ ಸರದಾರ. ಸಿನಿಮಾದಲ್ಲಿ ಆ ಕೆಲಸ ಲಿವ್ ಟೈಲರ್ ನಟಿಸಿದ ಅರ್ವೆನ್ ಪಾಲಾಯಿತು. ಪುಸ್ತಕದ ಅರ್ವೆನ್ ಮಾತಾಡುವುದೇ ಅಪರೂಪ. ಅವಳ ಪ್ರೇಮಕಥೆ ಇರುವುದು ಅನುಬಂಧದಲ್ಲಿ. ಸಾವಿರ ಪುಟದ ಕಾದಂಬರಿಯಲ್ಲಿ ಭಾವಿ ಮಹಾರಾಣಿಗೆ ಹಿತ್ತಿಲ ಕೋಣೆ ಕೊಟ್ಟದ್ದರ ಬಗ್ಗೆ ಮಡಿವಂತರಿಗೆ ತಕರಾರಿರಲಿಲ್ಲ. ಅವಳಿಗೆ ಕುದುರೆ ಕೊಟ್ಟದ್ದು ತಕರಾರು. ಎರಡನೆಯ ಭಾಗದಲ್ಲಿ ಅವಳು ಹೆಲ್ಮ್ಸ್ ಡೀಪ್ ಕೋಟೆಯ ಯುದ್ಧಕ್ಕೂ ಇಳಿಯುತ್ತಾಳೆಂಬ ಸುದ್ದಿ ಸೋರಿದಾಗ, ಆಗ ಟಿವಿಯಲ್ಲಿ ಹೆಸರು ಮಾಡಿದ್ದ ವೀರನಾರಿ 'ಝೀನಾ'ಳ ಬಿರುದನ್ನು ಅವಳಿಗೆ ಅಂಟಿಸಿ ಗೇಲಿ ಮಾಡಿದರು. ಕೆಲವು ದೃಶ್ಯಗಳ ಚಿತ್ರೀಕರಣವೂ ಆಗಿತ್ತು. ಕೊನೆಗೆ ಕತ್ತಿ ಕಿತ್ತುಕೊಂಡು ಅವಳನ್ನು ಅಪ್ಪನ ಮನೆಗೆ ಕಳಿಸಲಾಯಿತು, ಅಲ್ಲಿ ಅವಳು ಕಣ್ಣೀರು ಹಾಕುತ್ತ ಉಳಿದ ಕಥೆ ಕಳೆದಳು. ಮಡಿವಂತರಿಗೆ ಸಮಾಧಾನವಾಯಿತು. ಗ್ಲಾರ್ಫಿಂಡೆಲ್‌ಗಾಗಿ ಮಾತ್ರ ಇಂದಿಗೂ ಸೂತಕ. ಓದುವಾಗ ಅವನ ಹೆಸರು ಬಾಯಿಗೆ ಹೊರಳದೆ ಪುಟ ತಿರುವಿದ್ದವರೆಲ್ಲ ಸಿನಿಮಾ ಬಂದ ರಾತ್ರಿ ಅವನ ದಾಯಾದಿಗಳಾದರು.

ಟಾಮ್ ಬಾಂಬಡಿಲ್‌ನದು ಇನ್ನೂ ದೊಡ್ಡ ದುಃಖ. ನೀಲಿ ಕೋಟು, ಹಳದಿ ಬೂಟು ತೊಟ್ಟು, ಕಾಡಿನ ನಡುವೆ ಹಾಡುತ್ತ ಕುಣಿಯುತ್ತ ಬದುಕಿರುವ ಈ ಮಹಾಶಯನ ಮೇಲೆ ಲೋಕವನ್ನೇ ಆಳುವ ಉಂಗುರಕ್ಕೂ ಅಧಿಕಾರವಿಲ್ಲ. ಕಥೆಯ ಮೇಲೂ ಅವನಿಗೆ ಅಧಿಕಾರವಿಲ್ಲ. ಅವನನ್ನು ಎತ್ತಿಟ್ಟರೆ ಕಥೆ ಎಲ್ಲೂ ಮುಕ್ಕಾಗುವುದಿಲ್ಲ. ಜಾಕ್ಸನ್ ಎತ್ತಿಟ್ಟ. ಬಾಂಬಡಿಲ್‌ನ ಹಾಡು ಬಂದಾಗಲೆಲ್ಲ ಕಣ್ಣನ್ನು ಅದರ ಕೆಳಗಿನ ಪ್ಯಾರಾಕ್ಕೆ ಹಾರಿಸಿದ್ದ ಓದುಗರು ಥಿಯೇಟರಿನಿಂದ ಹೊರಬಂದು, ಪುಸ್ತಕದ ಆತ್ಮವೇ ಹೋಯಿತು ಎಂದರು. ಸಮಯವಿರಲಿಲ್ಲ ಎಂಬ ಸಮಜಾಯಿಷಿಯನ್ನು ಯಾರೂ ಒಪ್ಪಲಿಲ್ಲ. ಆಮೇಲೆ ಆ ಮೊದಲ ಭಾಗದ ವಿಸ್ತೃತ ಆವೃತ್ತಿ ಡಿವಿಡಿಯಾಗಿ ಬಂತು. ಮೂರು ಗಂಟೆಯ ಸಿನಿಮಾ ಮೂರೂವರೆ ಗಂಟೆಯಾಗಿತ್ತು. ಅದರಲ್ಲೂ ಬಾಂಬಡಿಲ್ ಇರಲಿಲ್ಲ. ಏನಿತ್ತು ಗೊತ್ತೇ? ಕೊನೆಯ ಹೆಸರುಪಟ್ಟಿಯಲ್ಲಿ ಚಂದಾ ಕಟ್ಟಿದ ಅಧಿಕೃತ ಅಭಿಮಾನಿ ಸಂಘದ ಸದಸ್ಯರ ಹೆಸರುಗಳು, ಸುಮಾರು 20 ನಿಮಿಷ. ಬಾಂಬಡಿಲ್ ಬಂದು ಒಂದು ಹಾಡು ಹೇಳಿ, ಹಾಬಿಟ್‌ಗಳಿಗೆ ಊಟ ಹಾಕಿ ಕಳಿಸುವುದಕ್ಕೆ ಬೇಕಾಗುತ್ತಿದ್ದಷ್ಟೇ ಹೊತ್ತು. ಈ 20 ನಿಮಿಷ ಪುಸ್ತಕದಲ್ಲಿ ಇಲ್ಲವಲ್ಲ ಎಂದು ಒಬ್ಬ ಮಡಿವಂತನೂ ಆಕ್ಷೇಪಿಸಿದ್ದು ಕೇಳಿಲ್ಲ.

ನ್ಯಾಯ ಹೇಳಬೇಕೆಂದರೆ, ಎಲ್ಲ ಕೂಗೂ ಮೊಸರಲ್ಲಿ ಕಲ್ಲು ಹುಡುಕುವ ಕೂಗಲ್ಲ. ಫಾರಾಮಿರ್ ವಿಷಯದಲ್ಲಿ ನನ್ನ ವೋಟು ಮಡಿವಂತರಿಗೇ. ಪುಸ್ತಕದ ಫಾರಾಮಿರ್, ದಾರಿಯಲ್ಲಿ ಬಿದ್ದಿದ್ದರೂ ಆ ಉಂಗುರವನ್ನು ಮುಟ್ಟದಂಥ ಮನುಷ್ಯ. ಅಧಿಕಾರವನ್ನು ಬೇಡ ಎನ್ನಬಲ್ಲವರೂ ಲೋಕದಲ್ಲಿ ಇದ್ದಾರೆ ಎಂಬುದಕ್ಕೆ ಟೋಲ್ಕೀನರು ಕರೆತಂದ ಸಾಕ್ಷಿ ಅವನು. ಸಿನಿಮಾದಲ್ಲಿ ಅವನೂ ಫ್ರೋಡೊನನ್ನು ಸೆರೆಹಿಡಿದು ಆಸ್ಗಿಲಿಯತ್ ನಗರದವರೆಗೆ ಎಳೆದೊಯ್ದು ಆಮೇಲೆ ಮನಸ್ಸು ಬದಲಿಸುತ್ತಾನೆ. ಯಾರೋ ಒಬ್ಬ ಸುಲಭವಾಗಿ ಬೇಡ ಎಂದುಬಿಟ್ಟರೆ ಉಂಗುರದ ಭಯವೇ ಹೋಗುತ್ತದೆ ಎಂಬುದು ಚಿತ್ರಕಥೆ ಬರೆದವರ ವಾದ. ಆಸೆಯೇ ಇಲ್ಲದ ಗಂಡಸನ್ನು ಸಿನಿಮಾದವರು ನಂಬಲಾರರು, ಅಷ್ಟೇ. ಹಾಗೆಯೇ ಕೊನೆಯಲ್ಲಿ ಹಾಬಿಟ್‌ಗಳು ಊರಿಗೆ ಮರಳಿದಾಗ ಅಲ್ಲಿ ಮರ ಕಡಿದು, ಗಿರಣಿ ಹೊಗೆಯೆಬ್ಬಿಸಿ, ಪುಂಡರು ದರ್ಬಾರು ನಡೆಸುತ್ತಿರುವ ಅಧ್ಯಾಯವನ್ನೂ ಕೈಬಿಟ್ಟರು. ಯುದ್ಧ ಗೆದ್ದು ಬಂದವರಿಗೆ ಊರು ಊರಾಗಿ ಉಳಿದಿರುವುದಿಲ್ಲ ಎಂಬುದು ಮೊದಲ ಮಹಾಯುದ್ಧದಲ್ಲಿ ಸೊಮ್ ರಣರಂಗ ಕಂಡು ಬಂದ ಲೇಖಕನಿಗೆ ಗೊತ್ತಿತ್ತು. ಇದನ್ನು ಬಿಟ್ಟದ್ದು ನಷ್ಟವೇ. ಆದರೆ ಇಂಥ ಎರಡು ಮಾತನ್ನು ಬೇರ್ಪಡಿಸಿ ಕೇಳಿಸಿಕೊಳ್ಳಬೇಕಾದರೆ ಕುದುರೆಯ ಬಣ್ಣ, ಗಡ್ಡದ ಉದ್ದ, ಕತ್ತಿಯ ಹಿಡಿಗಳ ಬಗ್ಗೆ ಎದ್ದ ಗದ್ದಲದಲ್ಲಿ ಕಿವಿಯನ್ನೇ ಬಾಡಿಗೆಗೆ ತರಬೇಕಿತ್ತು.

ಆ ಗದ್ದಲದಲ್ಲಿ ಒಂದು ಪ್ರಸಂಗ ನನಗೆ ಬಹಳ ಪ್ರಿಯ. ದುಷ್ಟ ಮಾಂತ್ರಿಕ ಸಾರುಮಾನ್ ಪಾತ್ರ ಮಾಡಿದ ಕ್ರಿಸ್ಟೊಫರ್ ಲೀ ಪ್ರತಿವರ್ಷ ಈ ಪುಸ್ತಕ ಓದುತ್ತಿದ್ದವರು, ಟೋಲ್ಕೀನರನ್ನು ಕಣ್ಣಾರೆ ಕಂಡಿದ್ದವರು. 2003ರಲ್ಲಿ ಮೂರನೆಯ ಭಾಗ ಬಿಡುಗಡೆಯಾದಾಗ ಅವರ ದೃಶ್ಯಕ್ಕೇ ಕತ್ತರಿ ಬಿದ್ದಿತ್ತು. ಅವರು ಮುನಿಸಿಕೊಂಡು ಪ್ರೀಮಿಯರ್‌ಗೆ ಹೋಗಲಿಲ್ಲ. ಅಭಿಮಾನಿಗಳು ಸಹಿ ಸಂಗ್ರಹಕ್ಕೆ ಇಳಿದರು: ದೃಶ್ಯವನ್ನು ಮರಳಿ ಸೇರಿಸಿ! ಮುಂದಿನ ವರ್ಷದ ವಿಸ್ತೃತ ಆವೃತ್ತಿಯಲ್ಲಿ ಸೇರಿಸಿದ್ದೂ ಆಯಿತು. ಅದರಲ್ಲಿ ಸಾರುಮಾನ್ ತನ್ನ ಗೋಪುರದ ತುದಿಯಿಂದ ಬಿದ್ದು ಸಾಯುತ್ತಾನೆ. ಪುಸ್ತಕದಲ್ಲಿ ಅವನು ಸಾಯುವುದು ಹಾಬಿಟ್‌ಗಳ ಊರಿನಲ್ಲಿ, ಮೇಲೆ ಹೇಳಿದ ಆ ಕೈಬಿಟ್ಟ ಅಧ್ಯಾಯದಲ್ಲಿ. ಅಂದರೆ ಪುಸ್ತಕದಲ್ಲಿ ಇಲ್ಲದ ಸಾವಿಗಾಗಿ ಪುಸ್ತಕಭಕ್ತರು ಸಹಿ ಹಾಕಿ ಗೆದ್ದರು.

ಇನ್ನೊಬ್ಬನ ಅದೃಷ್ಟವನ್ನೂ ಹೇಳಿಬಿಡಬೇಕು. ಮೊದಲ ಭಾಗದ ಎಲ್ರಾಂಡ್ ಸಭೆಯ ದೃಶ್ಯದಲ್ಲಿ ಹಿಂದೆ ಸುಮ್ಮನೆ ಕೂತಿದ್ದ ಒಬ್ಬ ಚೆಂದದ ಎಲ್ಫ್‌ಗೆ ಅಭಿಮಾನಿಗಳೇ ಫಿಗ್‌ವಿಟ್ ಎಂದು ನಾಮಕರಣ ಮಾಡಿದರು. ಆ ಸಣ್ಣ ವೇಷ ಹಾಕಿದವರು ನ್ಯೂಜಿಲೆಂಡಿನ ಹಾಡುಗಾರ ಬ್ರೆಟ್ ಮೆಕೆಂಜಿ. ಹುಚ್ಚು ಎಷ್ಟು ಹಬ್ಬಿತೆಂದರೆ ಮೂರನೆಯ ಭಾಗದಲ್ಲಿ ಅವರನ್ನು ಮತ್ತೆ ಕರೆಸಿ ಒಂದು ಮಾತು ಕೊಟ್ಟರು. ಟೋಲ್ಕೀನರು ಸೃಷ್ಟಿಸದ ಪಾತ್ರಕ್ಕೆ, ಟೋಲ್ಕೀನರು ಬರೆಯದ ಮಾತು. ಗ್ಲಾರ್ಫಿಂಡೆಲ್‌ನ ದಾಯಾದಿಗಳು ಆ ದಿನ ಎಲ್ಲಿದ್ದರೋ!

ಹೋಗಲಿ, ಮೂಲದ ಮಾಲೀಕರು ಏನೆನ್ನುತ್ತಿದ್ದರು? ಟೋಲ್ಕೀನರಿಗೆ ಸಿನಿಮಾದ ಮಡಿಯೂ ಗೊತ್ತಿತ್ತು, ಮಾರುಕಟ್ಟೆಯೂ ಗೊತ್ತಿತ್ತು. ಕಲೆ ಇಲ್ಲವೇ ಕಾಸು, ಎರಡರಲ್ಲಿ ಒಂದಾದರೂ ಸಿಗಬೇಕು ಎಂಬುದು ಅವರ ಮತ್ತು ಅವರ ಪ್ರಕಾಶಕರ ನಿಲುವು. 1950ರ ದಶಕದ ಕೊನೆಯಲ್ಲಿ ಅಮೆರಿಕದಿಂದ ಒಂದು ಚಿತ್ರಕಥೆಯ ಕರಡು ಬಂದಾಗ ಅವರು ಪತ್ರ ಬರೆದು ಅದನ್ನು ಸಾಲುಸಾಲಾಗಿ ಜಾಲಾಡಿದರು. ಓರ್ಕ್ ರಕ್ಕಸರಿಗೆ ಕೊಕ್ಕು, ಗರಿ ಯಾಕಪ್ಪಾ? ಮಾತೆತ್ತಿದರೆ ಗರುಡಗಳ ಬೆನ್ನೇರಿ ಹಾರುವುದೇಕೆ? ಎಲ್ಫ್‌ಗಳ ಬುತ್ತಿ ರೊಟ್ಟಿಯನ್ನು ಔಷಧದಂಗಡಿಯ ಸಾಮಾನಿನ ಹಾಗೆ ಬಣ್ಣಿಸಿದ್ದೇಕೆ? ಇಲ್ಲಿಯವರೆಗೆ ಮಡಿವಂತರ ಎದೆ ಉಬ್ಬುತ್ತದೆ. ಆದರೆ ಅದೇ ಪತ್ರದಲ್ಲಿ ಅವರು ಇನ್ನೊಂದು ಮಾತು ಬರೆದಿದ್ದಾರೆ: ನಡೆದಾಡುವ ಮರಗಳ ಕಥೆಗೂ ಹೆಲ್ಮ್ಸ್ ಡೀಪ್ ಯುದ್ಧಕ್ಕೂ ಎರಡಕ್ಕೂ ಸಾಕಷ್ಟು ಜಾಗವಿಲ್ಲದಿದ್ದರೆ ಯುದ್ಧವನ್ನೇ ಬಿಟ್ಟುಬಿಡಿ. ಜಾಕ್ಸನ್ ಆ ಯುದ್ಧವನ್ನೇ ಇಡೀ ಎರಡನೆಯ ಭಾಗದ ತೇರು ಮಾಡಿದ. ಅದಕ್ಕೆ ಭಕ್ತರು ಎತ್ತಿದ ಆಕ್ಷೇಪ ಏನು? ಎಲ್ಫ್‌ಗಳ ಪಡೆ ಆ ಯುದ್ಧಕ್ಕೆ ಬರುವುದು ಪುಸ್ತಕದಲ್ಲಿಲ್ಲ ಎಂದು!

ಪುಸ್ತಕ ಎಂದರೆ ಯಾವ ಪುಸ್ತಕ ಎಂದೂ ಕೇಳಬೇಕು. 1937ರಲ್ಲಿ ಬಂದ 'ದ ಹಾಬಿಟ್'ನ ಮೊದಲ ಮುದ್ರಣದಲ್ಲಿ ಗೊಲ್ಲಮ್ ಒಗಟಿನ ಪಂದ್ಯದಲ್ಲಿ ಸೋತರೆ ಉಂಗುರವನ್ನು ಉಡುಗೊರೆಯಾಗಿ ಕೊಡುವುದಾಗಿ ಹೇಳಿದ್ದ ಸಭ್ಯ ಪ್ರಾಣಿ. ಮುಂದೆ ಬರೆದ ದೊಡ್ಡ ಕಥೆಗೆ ಆ ಸಭ್ಯತೆ ಹೊಂದಲಿಲ್ಲ. 1951ರ ಆವೃತ್ತಿಯಲ್ಲಿ ಟೋಲ್ಕೀನರು ಅಧ್ಯಾಯವನ್ನೇ ತಿದ್ದಿದರು. ಹಳೆಯದು ಬಿಲ್ಬೊ ಹೇಳಿದ್ದ ಸುಳ್ಳು ಎಂದು ಕಥೆಯೊಳಗೇ ತೇಪೆ ಹಾಕಿದರು. ಇಂದು ಮಹಾರಾಜ ಗಾಂಭೀರ್ಯದ ಆರಗಾರ್ನ್ ಇದ್ದಾನಲ್ಲ, ಮೊದಲ ಕರಡಿನಲ್ಲಿ ಅವನ ಜಾಗದಲ್ಲಿದ್ದವನು ಮರದ ಪಾದುಕೆ ತೊಟ್ಟ ಒಬ್ಬ ಹಾಬಿಟ್, ಹೆಸರು ಟ್ರಾಟರ್. ಇದೇ ಬದಲಾವಣೆಯನ್ನು ಯಾವನಾದರೂ ನಿರ್ದೇಶಕ ಮಾಡಿದ್ದರೆ ಅವನ ಮನೆಯ ಮುಂದೆ ಧರಣಿ ಕೂರುತ್ತಿದ್ದರು. ಭಕ್ತರ ಬಗ್ಗೆ ಟೋಲ್ಕೀನರ ಅಭಿಪ್ರಾಯವನ್ನು ಒಂದು ಲೋಟ ಹೇಳುತ್ತದೆ. ಒಬ್ಬ ಅಭಿಮಾನಿ ಉಂಗುರದ ಮೇಲಿನ ಆ ಘೋರ ಶಾಸನವನ್ನು ಕೆತ್ತಿಸಿದ ಉಕ್ಕಿನ ಪಾನಪಾತ್ರೆಯನ್ನು ಕಳಿಸಿಕೊಟ್ಟ. ಅದರಲ್ಲಿ ಅವರು ಒಂದು ಗುಟುಕೂ ಕುಡಿಯಲಿಲ್ಲ. ಪೈಪಿನ ಬೂದಿ ಕೊಡವಲು ಇಟ್ಟುಕೊಂಡರು.

ಕನ್ನಡದವರು ಈ ಜಗಳವನ್ನು ನೋಡಿ ಮುಗುಳ್ನಗಲು ಕಾರಣವಿದೆ. ಪಂಪ ವಿಕ್ರಮಾರ್ಜುನ ವಿಜಯದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ; ಕೊನೆಗೆ ಧರ್ಮರಾಯನನ್ನು ಪಕ್ಕಕ್ಕೆ ಸರಿಸಿ ಅರ್ಜುನನಿಗೂ ಸುಭದ್ರೆಗೂ ಪಟ್ಟ ಕಟ್ಟಿಸಿದ. ವ್ಯಾಸರ ಅಭಿಮಾನಿ ಸಂಘ ಸಹಿ ಸಂಗ್ರಹಿಸಿದ ದಾಖಲೆಯಿಲ್ಲ; ದೊರೆ ಅರಿಕೇಸರಿ ಕವಿಗೆ ಅಗ್ರಹಾರ ಕೊಟ್ಟ. ಕುವೆಂಪು ತಮ್ಮ ರಾಮಾಯಣದರ್ಶನದಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗಿಳಿಸಿದರು, ಜ್ಞಾನಪೀಠ ಬಂತು. ಹಾಗೆಂದು ನಾವೇನೂ ಸಂತರಲ್ಲ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದಾಗ, ಇದು ಕೇರೆಹಾವು ಎಂದು ಸ್ವತಃ ತ.ರಾ.ಸು. ಅಂದರೆಂಬ ಮಾತು ಚಿತ್ರರಂಗದಲ್ಲಿ ಇನ್ನೂ ಓಡಾಡುತ್ತದೆ. ಆದರೆ ಅಲ್ಲಿ ಬೈದವರು ಹೆತ್ತವರು. ಜನ ರಾಮಾಚಾರಿಯನ್ನು ಹೊತ್ತು ಮೆರೆಸಿದರು, ಚಿತ್ರದುರ್ಗದ ಕೋಟೆಗೆ ಇಂದಿಗೂ ಓಬವ್ವನ ಹಾಡು ಗುನುಗುತ್ತಲೇ ಹತ್ತುತ್ತಾರೆ.

ಪುಟ್ಟಣ್ಣ ಮೂರನ್ನು ಒಂದು ಮಾಡಿದರು. ಜಾಕ್ಸನ್ ಒಂದನ್ನು ಮೂರು ಮಾಡಿದ. ಮಕ್ಕಳಿಗೆಂದು ಬರೆದ 'ದ ಹಾಬಿಟ್', 2012ರಿಂದ 2014ರವರೆಗೆ ಮೂರು ಸಿನಿಮಾಗಳಾಗಿ, ಒಟ್ಟು ಎಂಟು ಗಂಟೆಗೆ ಆರು ನಿಮಿಷ ಕಡಿಮೆ ಹೊತ್ತು ಓಡಿತು. ಹತ್ತು ವರ್ಷದಿಂದ 'ಬಿಟ್ಟೆ, ಬಿಟ್ಟೆ' ಎಂದು ಬೈದವರು ಈಗ 'ಸೇರಿಸಿದೆ, ಸೇರಿಸಿದೆ' ಎಂದು ಶುರು ಮಾಡಿದರು. ಟಾರಿಯೆಲ್ ಎಂಬ ಎಲ್ಫ್ ಹುಡುಗಿಯನ್ನು ಹೊಸದಾಗಿ ಹುಟ್ಟಿಸಿ ಕುಳ್ಳನೊಬ್ಬನ ಜೊತೆ ಪ್ರೇಮ ಹಚ್ಚಿದ್ದಕ್ಕೆ ಬೈಗುಳ, ಸೆಕೆಂಡಿಗೆ 48 ಫ್ರೇಮು ಓಡಿಸಿ ಕಾಡನ್ನು ಟಿವಿ ಸೀರಿಯಲ್ಲಿನ ಸೆಟ್ಟಿನಂತೆ ಮಾಡಿದ್ದಕ್ಕೆ ಬೈಗುಳ. ಪುಸ್ತಕದ ಐದು ಸೇನೆಗಳ ಕದನದಲ್ಲಿ ಬಿಲ್ಬೊ ತಲೆಗೆ ಕಲ್ಲು ಬಡಿದು ಮೂರ್ಛೆ ಹೋಗಿ ಹೆಚ್ಚಿನದ್ದನ್ನು ನೋಡುವುದೇ ಇಲ್ಲ. ಟಿಕೆಟ್ ಕೊಂಡವರಿಗೆ ಆ ಭಾಗ್ಯವಿರಲಿಲ್ಲ. ಒಬ್ಬ ಅಭಿಮಾನಿಯಂತೂ ಮೂರನ್ನೂ ಕತ್ತರಿಸಿ ನಾಲ್ಕು ಗಂಟೆಯ ಒಂದೇ ಸಿನಿಮಾ ಮಾಡಿಟ್ಟ. ಇದಿಷ್ಟರಲ್ಲಿ ಅರ್ಧಕ್ಕರ್ಧ ನಾನೂ ಒಪ್ಪುತ್ತೇನೆ.

ಒಪ್ಪದಿರುವುದು ಇನ್ನೊಂದನ್ನು. ಈ 'ಹಾಬಿಟ್' ಚಿತ್ರೀಕರಣ ಶುರುವಾಗುವ ಮೊದಲು, 2010ರಲ್ಲಿ, ನ್ಯೂಜಿಲೆಂಡಿನ ನಟರ ಸಂಘ ಕರಾರಿನ ವಿಷಯದಲ್ಲಿ ತಕರಾರು ಎತ್ತಿತು. ಸಿನಿಮಾ ಬೇರೆ ದೇಶಕ್ಕೆ ಹೋದೀತು ಎಂಬ ಭಯ ಹಬ್ಬಿತು. ಅಭಿಮಾನಿಗಳು ಬೀದಿಗಿಳಿದರು, ನಟರ ಪರವಾಗಿ ಅಲ್ಲ, ಸಿನಿಮಾದ ಪರವಾಗಿ. ಅದೂ ಆ ದೇಶದ ಕಾರ್ಮಿಕ ದಿನದ ರಜೆಯಂದೇ. ಅದೇ ವಾರ ಸರ್ಕಾರ ತರಾತುರಿಯಲ್ಲಿ ಕಾನೂನು ತಿದ್ದಿ, ಸಿನಿಮಾ ಕೆಲಸಗಾರರನ್ನು ನೌಕರರ ಬದಲು ಗುತ್ತಿಗೆಯವರೆಂದು ಎಣಿಸುವ ದಾರಿ ಮಾಡಿತು. ಜನ ಅದಕ್ಕೆ 'ಹಾಬಿಟ್ ಕಾನೂನು' ಎಂದೇ ಹೆಸರಿಟ್ಟರು. ಹಾಬಿಟ್‌ನ ಬಾಗಿಲ ಹಿಡಿ ಎಲ್ಲಿರಬೇಕೆಂದು ತಿಳಿದಿದ್ದವರಿಗೆ ಆ ಬಾಗಿಲು ಕೆತ್ತಿದ ಬಡಗಿಯ ಕೂಲಿ ಅನುಬಂಧದಲ್ಲೂ ಸಿಗಲಿಲ್ಲ.

ಆಮೇಲೆ ಬಂತು 2022. ಅಮೆಜಾನ್ ಸಂಸ್ಥೆ 'ದ ರಿಂಗ್ಸ್ ಆಫ್ ಪವರ್' ಎಂಬ ಸರಣಿ ಹೊರತಂದಿತು. ಅದರಲ್ಲಿ ಕಪ್ಪು ಬಣ್ಣದ ಎಲ್ಫ್ ಇದ್ದಾನೆ, ಕಪ್ಪು ಬಣ್ಣದ ಕುಳ್ಳರ ರಾಜಕುಮಾರಿ ಇದ್ದಾಳೆ, ಅವಳಿಗೆ ಗಡ್ಡವಿಲ್ಲ. ಬಂತಲ್ಲ ಪ್ರಳಯ. ಇಲ್ಲದ ಲೋಕದ, ಹುಟ್ಟೇ ಇರದ ಜನಾಂಗದ ಚರ್ಮದ ಬಣ್ಣಕ್ಕಾಗಿ ನಿಜವಾದ ನಟರಿಗೆ ನಿಜವಾದ ಬೈಗುಳ ಬಿದ್ದವು. ಗಡ್ಡದ ವಾದಕ್ಕೆ ಟೋಲ್ಕೀನರ ಟಿಪ್ಪಣಿಗಳ ಆಧಾರವಾದರೂ ಇದೆ. ಬಣ್ಣದ ವಾದ ಗಡ್ಡದ ಮರೆಯಲ್ಲಿ ನಿಂತು ಬಾಣ ಬಿಟ್ಟಿತು. ಪ್ರೇಕ್ಷಕರ ಅಭಿಪ್ರಾಯಗಳನ್ನು ಸಂಸ್ಥೆ 72 ಗಂಟೆ ತಡೆಹಿಡಿದು ಸೋಸಬೇಕಾಯಿತು. ಹಳೆಯ ಸಿನಿಮಾದ ಹಾಬಿಟ್ ನಟರು ಬಗೆಬಗೆಯ ಬಣ್ಣದ ಕಿವಿಗಳ ಚಿತ್ರವಿರುವ ಟೀ-ಶರ್ಟ್ ತೊಟ್ಟು ಹೊಸಬರ ಪರ ನಿಂತರು. ಇನ್ನೊಂದು ತಮಾಷೆ: ಸರಣಿಯವರಿಗೆ ಹಕ್ಕು ಇದ್ದದ್ದು 'ಹಾಬಿಟ್' ಮತ್ತು 'ಲಾರ್ಡ್ ಆಫ್ ದ ರಿಂಗ್ಸ್' ಎರಡಕ್ಕೆ, ಸರಣಿ ನಡೆಯುವ ಯುಗದ ಕಥೆ ವಿವರವಾಗಿ ಇರುವ 'ಸಿಲ್ಮರಿಲಿಯನ್' ಎಂಬ ಪುಸ್ತಕವನ್ನು ಮುಟ್ಟುವಂತಿರಲಿಲ್ಲ. ಸಿಕ್ಕಿದ್ದರಲ್ಲಿ ಹೆಚ್ಚಿನದು ಅನುಬಂಧ. ಮೂಲಕ್ಕೆ ಪೂರ್ತಿ ನಿಷ್ಠರಾಗಿದ್ದರೆ ಕೋರ್ಟಿಗೆ ಹೋಗಬೇಕಿತ್ತು.

ಈ ಪ್ರಳಯದಲ್ಲಿ ಮಡಿವಂತರು ಆಸರೆಗೆ ಹಿಡಿದ ಆಲದೆಲೆ ಯಾವುದೆಂದು ಊಹಿಸಿ. ಜಾಕ್ಸನ್ ಸಿನಿಮಾ! 'ಆಹಾ, ಆಗಿನ ಎಲ್ಫ್‌ಗಳೇನು, ಆ ಅರ್ವೆನ್ ಏನು, ಆ ನಿಷ್ಠೆಯೇನು' ಎಂದು ಕಣ್ಣೊರೆಸಿಕೊಂಡರು. 2001ರ ಮೈಲಿಗೆ 2022ಕ್ಕೆ ತೀರ್ಥವಾಗಿತ್ತು. ಇದೂ ಹೊಸತಲ್ಲ. 1978ರಲ್ಲಿ ರಾಲ್ಫ್ ಬಕ್ಷಿ ಮಾಡಿದ ಕಾರ್ಟೂನ್ ಚಿತ್ರ ಕಥೆಯ ನಡುವೆಯೇ ನಿಂತುಹೋಗಿ, ಮುಂದಿನ ಭಾಗವೇ ಬರದೆ, ಭಕ್ತರಿಂದ ಬೇಕಾದಷ್ಟು ಉಗಿಸಿಕೊಂಡಿತ್ತು. ಅದನ್ನು ನೋಡಿ ಪುಸ್ತಕ ಹುಡುಕಿಕೊಂಡು ಹೋದ ನ್ಯೂಜಿಲೆಂಡಿನ ಹುಡುಗನ ಹೆಸರು ಪೀಟರ್ ಜಾಕ್ಸನ್. ಮಡಿವಂತ ಕಾಯುವುದು ಪುಸ್ತಕವನ್ನಲ್ಲ, ತಾನು ಮೊದಲ ಸಲ ಅದರೊಳಗೆ ಹೊಕ್ಕ ಬಾಗಿಲನ್ನು. ಕೆಲವರಿಗೆ ಅದು ಹದಿನಾಲ್ಕರ ಬೇಸಿಗೆ ರಜೆಯ ಪೇಪರ್‌ಬ್ಯಾಕ್, ಕೆಲವರಿಗೆ ಅಪ್ಪನ ಜೊತೆ ನೋಡಿದ ಡಿವಿಡಿ. ಆಮೇಲೆ ಬಂದದ್ದೆಲ್ಲ ಹಿತ್ತಿಲ ಬಾಗಿಲು.

ಬೈಯುವ ಹಕ್ಕು ನಿಜವಾಗಿ ಇದ್ದವರು ಟೋಲ್ಕೀನರ ಮಗ ಕ್ರಿಸ್ಟೊಫರ್. ಅಪ್ಪನ ಕರಡು ಕಾಗದಗಳನ್ನು ಜೀವನಪರ್ಯಂತ ಓದಿ, ಜೋಡಿಸಿ, ಅಚ್ಚು ಹಾಕಿಸಿದವರು. ಅವರು 2012ರಲ್ಲಿ ಫ್ರೆಂಚ್ ಪತ್ರಿಕೆ 'ಲ ಮೊಂದ್'ಗೆ ಹೇಳಿದ್ದರ ಸಾರಾಂಶ, ಪುಸ್ತಕದ ಕರುಳು ಬಗೆದು ಹುಡುಗರಿಗೆ ಹೊಡೆದಾಟದ ಸಿನಿಮಾ ಮಾಡಿದ್ದಾರೆ ಎಂದು. ಹೇಳಿ ಮತ್ತೆ ಕಾಗದಗಳ ಕಡೆ ತಿರುಗಿದರು. 95ನೆಯ ವಯಸ್ಸಿನಲ್ಲಿ, 2020ರಲ್ಲಿ ಹೋಗುವವರೆಗೂ ಅವರ ಪ್ರತಿಭಟನೆಯ ರೂಪ ಇನ್ನೊಂದು ಪುಸ್ತಕ, ಮತ್ತೊಂದು ಪುಸ್ತಕ.

ಮುಂದಿನ ಸುತ್ತಿಗೆ ದಿನ ಗೊತ್ತಾಗಿದೆ. ಗೊಲ್ಲಮ್‌ಗೆ ಜೀವ ಕೊಟ್ಟ ಆಂಡಿ ಸರ್ಕಿಸ್ ನಿರ್ದೇಶನದಲ್ಲಿ 'ದ ಹಂಟ್ ಫಾರ್ ಗೊಲ್ಲಮ್' ಎಂಬ ಸಿನಿಮಾ 2027ರ ಡಿಸೆಂಬರಿಗೆ ಬರಲಿದೆಯಂತೆ. ಗೊಲ್ಲಮ್‌ನನ್ನು ಆರಗಾರ್ನ್ ಬೇಟೆಯಾಡಿ ಹಿಡಿದ ಈ ಕಥೆಗೆ ಪುಸ್ತಕದಲ್ಲಿರುವ ಜಾಗ ಪಾತ್ರಗಳ ಬಾಯಲ್ಲಿ ಬರುವ ಕೆಲವೇ ಪುಟಗಳ ವರದಿ, ಅನುಬಂಧದಲ್ಲಿ ಒಂದೆರಡು ತೇದಿ. ಉಳಿದದ್ದನ್ನೆಲ್ಲ ಹುಟ್ಟಿಸಬೇಕು, ಎಂದರೆ ಬೈಗುಳಕ್ಕೆ ಎಕರೆಗಟ್ಟಲೆ ಜಾಗ. ಆದ್ದರಿಂದ ಓದುಗರಲ್ಲಿ ವಿನಂತಿ: ಪುಸ್ತಕ ಓದಿಲ್ಲದವರು ಈಗಲೇ ಓದಿ ಮುಗಿಸಿ, ಬಾಂಬಡಿಲ್‌ನ ಹಾಡನ್ನೂ ಬಿಡಬೇಡಿ. ಓದಿಯಾದವರು ದಯವಿಟ್ಟು ನನ್ನ ಪಕ್ಕದ ಸೀಟು ಬುಕ್ ಮಾಡಬೇಡಿ.